ಎರಡನೇ ಸಲ ಯಾಕೆ ಬರಲಿಲ್ಲ?

1970ರ ದಶಕದಲ್ಲಿ ಸ್ಟಾನ್ಲಿ ಸೂ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸಿಯಾಟಲ್ ಸುತ್ತಮುತ್ತಲ 17 ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಡತ ತೆಗೆಸಿ ನೋಡಿದರು. ಸುಮಾರು 14,000 ಜನರ ದಾಖಲೆ. ಕಪ್ಪುವರ್ಣೀಯರು, ಅಲ್ಲಿನ ಮೂಲನಿವಾಸಿಗಳು, ಮೆಕ್ಸಿಕೋ ಮೂಲದವರು, ಏಷ್ಯಾದವರು, ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಒಂದೇ ಸಲ ಬಂದು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಬಿಳಿಯರಲ್ಲಿ ಹಾಗೆ ಬಿಟ್ಟುಹೋದವರು ಶೇ. 30ರಷ್ಟು.

ಜನಾಂಗ ಮತ್ತು ಮಾನಸಿಕ ಚಿಕಿತ್ಸೆಯ ಬಗ್ಗೆ ಮಾತು ಬಂದಾಗೆಲ್ಲ ಮೊದಲು ಕೇಳಿಸುವುದು ‘ಅವರು ಬರುವುದೇ ಇಲ್ಲ’ ಎಂಬ ಮಾತು. ಕಳಂಕದ ಭಯವಂತೆ, ಮನೆತನದ ಮರ್ಯಾದೆಯಂತೆ, ದೇವರು ದಿಂಡರು ಮೊದಲಂತೆ. ಇದರಲ್ಲಿ ಸುಳ್ಳಿಲ್ಲ. ಆದರೆ ಸಿಯಾಟಲ್‌ನ ಆ ಕಡತಗಳಲ್ಲಿದ್ದವರು ಭಯ, ಮರ್ಯಾದೆ ಎಲ್ಲ ದಾಟಿ ಬಂದು, ಕುರ್ಚಿಯ ಮೇಲೆ ಒಂದು ಗಂಟೆ ಕೂತು ಎದ್ದುಹೋದವರು. ಆ ಒಂದು ಗಂಟೆಯಲ್ಲಿ ಏನಾಯಿತು, ಏನಾಗಲಿಲ್ಲ ಅನ್ನುವುದನ್ನು ಕೇಳಬೇಕು. ಬರದವರನ್ನು ದೂರುವುದು ಸುಲಭ. ಬಂದು ಹೋದವರ ಬಗ್ಗೆ ಕೇಳಿದರೆ ಆಸ್ಪತ್ರೆಯೇ ಉತ್ತರ ಕೊಡಬೇಕಾಗುತ್ತದೆ.

ಅಂಕಿಗಳನ್ನು ಒಮ್ಮೆ ನೋಡಿಬಿಡೋಣ. ಅಮೆರಿಕ ಸರ್ಕಾರದ 2021ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಆ ವರ್ಷ ಯಾವುದಾದರೂ ಮಾನಸಿಕ ಕಾಯಿಲೆ ಇದ್ದ ವಯಸ್ಕರಲ್ಲಿ ಚಿಕಿತ್ಸೆ ಸಿಕ್ಕಿದ್ದು ಬಿಳಿಯರಲ್ಲಿ ಶೇ. 52.4 ಮಂದಿಗೆ, ಕಪ್ಪುವರ್ಣೀಯರಲ್ಲಿ ಶೇ. 39.4, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಸಮುದಾಯದಲ್ಲಿ ಶೇ. 36.1, ಏಷ್ಯನ್ನರಲ್ಲಿ ಶೇ. 25.4. ಅಂದರೆ ಏಷ್ಯನ್ನರಲ್ಲಿ ನಾಲ್ವರಿಗೆ ಒಬ್ಬರು. ಈ ‘ಏಷ್ಯನ್’ ಎಂಬ ಬುಟ್ಟಿ ತೀರಾ ದೊಡ್ಡದು. ಕಂಪನಿಯ ವಿಮೆ ಇರುವ ಕನ್ನಡದ ಸಾಫ್ಟ್‌ವೇರ್ ಎಂಜಿನಿಯರೂ ಅದರಲ್ಲೇ, ಪೋಲ್ ಪಾಟ್ ಆಡಳಿತದಿಂದ ಜೀವ ಉಳಿಸಿಕೊಂಡು ಬಂದ ಕಾಂಬೋಡಿಯಾದ ಅಜ್ಜಿಯೂ ಅದರಲ್ಲೇ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನೆಲೆಸಿದ ಕಾಂಬೋಡಿಯಾ ನಿರಾಶ್ರಿತರನ್ನು ಎರಡು ದಶಕಗಳ ನಂತರ ಪರೀಕ್ಷಿಸಿದಾಗಲೂ ಶೇ. 62 ಮಂದಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು. ಇಬ್ಬರನ್ನೂ ಒಂದೇ ಸರಾಸರಿಯಲ್ಲಿ ಹಾಕಿದರೆ ಇಬ್ಬರ ಕಷ್ಟವೂ ಕಾಣುವುದಿಲ್ಲ.

ಮೊದಲ ಸೋಲು ಎಷ್ಟೋ ಸಲ ಫೋನಿನಲ್ಲೇ ಆಗಿಹೋಗುತ್ತದೆ. ಹೆದರ್ ಕೂಗಲ್‌ಮಾಸ್ ಎಂಬ ಸಮಾಜಶಾಸ್ತ್ರಜ್ಞೆ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಯಲು ಮಾಡಿತು. ನ್ಯೂಯಾರ್ಕ್ ನಗರದ 320 ಥೆರಪಿಸ್ಟ್‌ಗಳಿಗೆ, ಚಿಕಿತ್ಸೆ ಕೇಳುವ ರೋಗಿಗಳಂತೆ ನಟಿಸಿದವರಿಂದ ಧ್ವನಿಸಂದೇಶ ಹೋಯಿತು. ಎಲ್ಲರದೂ ಒಂದೇ ಬಗೆಯ ತೊಂದರೆ, ಒಂದೇ ವಿಮೆ, ಕೇಳಿದ್ದು ವಾರದ ದಿನದ ಸಂಜೆಯ ಸಮಯ. ಬೇರೆ ಇದ್ದದ್ದು ಹೆಸರು ಮತ್ತು ಮಾತಿನ ಧಾಟಿ ಮಾತ್ರ. ಮಧ್ಯಮವರ್ಗದ ಬಿಳಿಯರಂತೆ ಕೇಳಿಸಿದವರಲ್ಲಿ ಶೇ. 28 ಮಂದಿಗೆ ಭೇಟಿಯ ಸಮಯ ಸಿಕ್ಕಿತು. ಅದೇ ವರ್ಗದ ಕಪ್ಪುವರ್ಣೀಯರಿಗೆ ಶೇ. 17. ದುಡಿಯುವ ವರ್ಗದವರಂತೆ ಕೇಳಿಸಿದರೆ ಬಿಳಿಯರಾಗಲಿ ಕಪ್ಪುವರ್ಣೀಯರಾಗಲಿ ಶೇ. 8. ಹೆಚ್ಚಿನವರಿಗೆ ಯಾರೂ ‘ಆಗಲ್ಲ’ ಅನ್ನಲಿಲ್ಲ, ಸುಮ್ಮನೆ ವಾಪಸ್ ಫೋನ್ ಮಾಡಲಿಲ್ಲ. ಖಿನ್ನತೆಯಲ್ಲಿ ಮುಳುಗಿದ ಮನುಷ್ಯ ಆ ಮೌನವನ್ನು ತನ್ನದೇ ತಪ್ಪು ಎಂದು ಓದಿಕೊಳ್ಳುತ್ತಾನೆ. ಹಲ್ಲು ಕಚ್ಚಿ ಒಂದು ಸಲ ಫೋನ್ ಎತ್ತುವುದೇ ಅವನಿಗೆ ದೊಡ್ಡ ಕೆಲಸ. ಹನ್ನೆರಡು ಕಡೆಗೆ ಮಾಡು ಅಂದರೆ ಎಲ್ಲಿಂದ ಮಾಡುತ್ತಾನೆ?

ವಿಮೆ ಕಂಪನಿ ಕೊಡುವ ವೈದ್ಯರ ಪಟ್ಟಿಯ ಕಥೆ ಇನ್ನೊಂದು. 2023ರಲ್ಲಿ ಅಮೆರಿಕ ಸೆನೆಟ್‌ನ ಹಣಕಾಸು ಸಮಿತಿಯ ಸಿಬ್ಬಂದಿ ಹಿರಿಯರ 12 ವಿಮಾ ಯೋಜನೆಗಳ ಪಟ್ಟಿ ಹಿಡಿದು 120 ಕರೆ ಮಾಡಿದರು. ಭೇಟಿಗೆ ಸಮಯ ಸಿಕ್ಕಿದ್ದು ಶೇ. 18ರಷ್ಟು ಕರೆಗಳಲ್ಲಿ. ಉಳಿದದ್ದು ತಪ್ಪು ನಂಬರ್, ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ, ಆ ವಿಮೆ ನಡೆಯುವುದಿಲ್ಲ, ಉತ್ತರವೇ ಇಲ್ಲ. ವಿಮೆ ಒಪ್ಪುವ ವೈದ್ಯರ ಬಳಗಕ್ಕೆ ನೆಟ್‌ವರ್ಕ್ ಅನ್ನುತ್ತಾರೆ, ಹೀಗೆ ಹೆಸರಿಗೆ ಮಾತ್ರ ಇರುವುದಕ್ಕೆ ಭೂತ ನೆಟ್‌ವರ್ಕ್ ಎಂದೇ ಹೆಸರು. ಮನೋವೈದ್ಯರಲ್ಲಿ ಅನೇಕರು ವಿಮೆಯನ್ನೇ ಮುಟ್ಟುವುದಿಲ್ಲ. 2009-10ರ ಲೆಕ್ಕದಲ್ಲಿ ಬಡವರ ವಿಮೆಯಾದ ಮೆಡಿಕೈಡ್ ಒಪ್ಪುತ್ತಿದ್ದ ಮನೋವೈದ್ಯರು ಶೇ. 43, ಬೇರೆ ವೈದ್ಯರು ಶೇ. 73. ಕಪ್ಪುವರ್ಣೀಯರು ಮತ್ತು ಹಿಸ್ಪಾನಿಕ್ ಜನ ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚು ಮೆಡಿಕೈಡ್ ಮೇಲೆಯೇ ನಿಂತಿದ್ದಾರೆ. ಹೀಗಾಗಿ ಯಾರೂ ಬಾಯಿಬಿಟ್ಟು ಬಣ್ಣದ ಮಾತಾಡದೆಯೂ ಬಣ್ಣದ ಪ್ರಕಾರವೇ ಬಾಗಿಲು ಮುಚ್ಚಿಕೊಳ್ಳುತ್ತದೆ.

ಸರಿ, ಒಳಗೆ ಹೋದರು ಅಂದುಕೊಳ್ಳೋಣ. ಎದುರು ಕೂತವರು ಯಾರು? 2015ರಲ್ಲಿ ಅಲ್ಲಿನ ಮನಶ್ಶಾಸ್ತ್ರಜ್ಞರಲ್ಲಿ ಶೇ. 86 ಬಿಳಿಯರು, ಶೇ. 4 ಕಪ್ಪುವರ್ಣೀಯರು. ಬಿಳಿಯರು ಚೆನ್ನಾಗಿ ನೋಡಲಾರರು ಎಂದು ಖಂಡಿತ ಹೇಳುತ್ತಿಲ್ಲ. ಆದರೆ ಮನೋರೋಗ ನಿರ್ಣಯಕ್ಕೆ ರಕ್ತಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ. ರೋಗಿಯ ಮಾತು, ಮುಖ, ದನಿ, ಕಣ್ಣು ಇಷ್ಟೇ ಆಧಾರ. ಇವನ್ನು ಓದುವುದರಲ್ಲಿ ಎಡವಿದರೆ ಕಾಯಿಲೆಯ ಹೆಸರೇ ಬದಲಾಗುತ್ತದೆ. ಪೊಲೀಸರನ್ನು ಕಂಡರೆ ಎಚ್ಚರವಾಗಿರುವುದನ್ನು ಚಿಕ್ಕಂದಿನಿಂದ ಕಲಿತವನ ಎಚ್ಚರ ಕಾಗದದ ಮೇಲೆ ‘ಸಂಶಯ ಪ್ರವೃತ್ತಿ’ ಆಗುತ್ತದೆ. ಮೊದಲ ಭೇಟಿಯಲ್ಲಿ ವೈದ್ಯರ ಮುಂದೆ ಭಾವನೆ ತೋರಿಸದಿದ್ದರೆ ‘ಭಾವಶೂನ್ಯ’. ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 1,657 ರೋಗಿಗಳ ದಾಖಲೆ ನೋಡಿ 2019ರಲ್ಲಿ ಬರೆದದ್ದು ಇದನ್ನೇ: ತೀವ್ರ ಖಿನ್ನತೆ ಇರುವ ಆಫ್ರಿಕನ್ ಅಮೆರಿಕನ್ನರಿಗೆ ಸ್ಕಿಜೋಫ್ರೇನಿಯಾ (ಇಲ್ಲದ್ದು ಕಾಣುವ, ಕೇಳಿಸುವ ತೀವ್ರ ಮನೋರೋಗ) ಎಂದು ತಪ್ಪು ಹೆಸರು ಹಚ್ಚುವ ಸಾಧ್ಯತೆ ಬಿಳಿಯರಿಗಿಂತ ಹೆಚ್ಚು. ಹೆಸರು ತಪ್ಪಿದರೆ ಮಾತ್ರೆಯೂ ತಪ್ಪುತ್ತದೆ. ಖಿನ್ನತೆಗೆ ಮದ್ದು ಸಿಗುವುದಿಲ್ಲ, ಬೇಡದ ಮಾತ್ರೆಯಿಂದ ತೂಕ ಏರುತ್ತದೆ, ಕೈ ನಡುಗುತ್ತದೆ. ಮುಂದಿನ ವೈದ್ಯ ಹಳೆಯ ಕಾಗದ ನೋಡಿ ಅದೇ ಹೆಸರನ್ನು ನಕಲು ಮಾಡುತ್ತಾನೆ.

ಈ ಕಣ್ಣು ಎಲ್ಲಿಂದ ಬಂತು ಅನ್ನುವುದಕ್ಕೆ ಇತಿಹಾಸವಿದೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಓಡಿಹೋಗುವುದೇ ಒಂದು ಮನೋರೋಗ ಎಂದು ಬರೆದು ಅದಕ್ಕೆ ‘ಡ್ರಾಪೆಟೋಮೇನಿಯಾ’ ಎಂದು ಹೆಸರಿಟ್ಟ. 1974ರಲ್ಲಿ, ಅಂದರೆ ನಾಗರಿಕ ಹಕ್ಕುಗಳ ಕಾನೂನು ಬಂದು ಹತ್ತು ವರ್ಷವಾದ ಮೇಲೆ, ಮನೋವೈದ್ಯರ ಒಂದು ಪ್ರಮುಖ ಪತ್ರಿಕೆಯಲ್ಲಿ ಹಾಲ್ಡಾಲ್ ಎಂಬ ಮನೋರೋಗದ ಮದ್ದಿನ ಜಾಹೀರಾತು ಬಂತು. ಚಿತ್ರದಲ್ಲಿ ಮುಷ್ಟಿ ಬಿಗಿದ ಸಿಟ್ಟಿನ ಕಪ್ಪುವರ್ಣೀಯ ಗಂಡಸು. ಅಮೆರಿಕದ ಮನೋವೈದ್ಯರ ಸಂಘ 2021ರ ಜನವರಿಯಲ್ಲಿ, ಮನಶ್ಶಾಸ್ತ್ರಜ್ಞರ ಸಂಘ ಅದೇ ಅಕ್ಟೋಬರಿನಲ್ಲಿ ಕ್ಷಮೆ ಕೇಳಿದವು. ಕ್ಷಮೆ ಕೇಳಿದ್ದು ಸರಿಯೇ. ಆದರೆ ಆ ಜಾಹೀರಾತು ನೋಡಿ ಕಲಿತ ತಲೆಮಾರಿನ ವೈದ್ಯರೇ ಮುಂದಿನ ತಲೆಮಾರಿಗೆ ಪಾಠ ಹೇಳಿದವರು.

ಪೂರ್ವಗ್ರಹ ಮನುಷ್ಯರ ತಲೆಯಲ್ಲಿ ಮಾತ್ರ ಇರುವುದಿಲ್ಲ, ಲ್ಯಾಬ್ ವರದಿಯ ಅಂಚಿನಲ್ಲೂ ಕೂತಿರಬಹುದು. ಕ್ಲೋಜಪಿನ್ ಎಂಬ ಮದ್ದಿನ ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೇರೆ ಯಾವ ಮಾತ್ರೆಗೂ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಇದೇ ಅತ್ಯುತ್ತಮ ಮದ್ದು. 1988ರ ಪ್ರಸಿದ್ಧ ಪರೀಕ್ಷೆಯಲ್ಲಿ ಅಂಥ ರೋಗಿಗಳಲ್ಲಿ ಶೇ. 30 ಮಂದಿ ಇದರಿಂದ ಸುಧಾರಿಸಿದರು. ಹಳೆಯ ಕ್ಲೋರ್‌ಪ್ರೊಮಜಿನ್‌ನಿಂದ ಸುಧಾರಿಸಿದವರು ಶೇ. 4. ಆತ್ಮಹತ್ಯೆಯ ಪ್ರಯತ್ನಗಳನ್ನು ತಗ್ಗಿಸುವ ಗುಣವೂ ಇದಕ್ಕಿದೆ. ಅಪಾಯವೂ ಉಂಟು. ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ, ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಪೂರಾ ಕುಸಿಯುತ್ತವೆ. ಅದಕ್ಕೇ ರಕ್ತಪರೀಕ್ಷೆ: ಮೊದಲ ಆರು ತಿಂಗಳು ವಾರಕ್ಕೊಮ್ಮೆ, ಮುಂದಿನ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಅಮೆರಿಕದಲ್ಲಿ 2015ರವರೆಗೆ ಮದ್ದು ಶುರುಮಾಡಲು ಒಂದು ಮೈಕ್ರೋಲೀಟರ್ ರಕ್ತದಲ್ಲಿ ಕನಿಷ್ಠ 2,000 ನ್ಯೂಟ್ರೋಫಿಲ್ ಇರಲೇಬೇಕಿತ್ತು.

ಇಲ್ಲೇ ಎಡವಟ್ಟು. ಆಫ್ರಿಕಾ ಮೂಲದ ಬಹಳಷ್ಟು ಜನರಿಗೆ ಕೆಂಪುರಕ್ತಕಣದ ಮೇಲೆ ‘ಡಫಿ’ ಎಂಬ ಗುರುತು ಇರುವುದಿಲ್ಲ. ವೈವ್ಯಾಕ್ಸ್ ಮಲೇರಿಯಾದ ಪರಾವಲಂಬಿ ಕಣದೊಳಗೆ ನುಗ್ಗುವುದು ಆ ಗುರುತನ್ನು ಹಿಡಿದೇ. ಗುರುತು ಇಲ್ಲದಿದ್ದರೆ ಆ ಮಲೇರಿಯಾದಿಂದ ರಕ್ಷಣೆ. ಅಂಥವರ ರಕ್ತನಾಳದಲ್ಲಿ ಓಡಾಡುವ ನ್ಯೂಟ್ರೋಫಿಲ್ ಎಣಿಕೆ ಹುಟ್ಟಿನಿಂದಲೇ ಕಡಿಮೆ. ಆದರೆ ಸೋಂಕಿನ ವಿರುದ್ಧ ಅವರ ಶಕ್ತಿಗೆ ಏನೂ ಕೊರತೆಯಿಲ್ಲ. ಪೂರ್ತಿ ಆರೋಗ್ಯವಂತ ವ್ಯಕ್ತಿ, ಎಣಿಕೆ 1,400 ಎಂದಿಟ್ಟುಕೊಳ್ಳಿ. ಯುರೋಪ್ ಮೂಲದವರ ರಕ್ತ ನೋಡಿ ಗೊತ್ತುಮಾಡಿದ ‘ಸಾಮಾನ್ಯ’ದ ಗೆರೆಗಿಂತ ಕೆಳಗೆ. ಮದ್ದು ಇಲ್ಲ. ಶುರುಮಾಡಿದ್ದರೂ ಎಣಿಕೆ ಸ್ವಲ್ಪ ತಗ್ಗಿದ ಕೂಡಲೇ ನಿಲ್ಲಿಸಿಬಿಡುತ್ತಿದ್ದರು. ಕಾಯಿಲೆ ಮರಳುತ್ತಿತ್ತು. ಕಡತದಲ್ಲಿ ‘ರೋಗಿ ಚಿಕಿತ್ಸೆಗೆ ಸ್ಪಂದಿಸಲಿಲ್ಲ’ ಎಂದು ಬರೆದರೆ ಮುಗಿಯಿತು.

2015ರಲ್ಲಿ ಔಷಧ ನಿಯಂತ್ರಣ ಸಂಸ್ಥೆ ನಿಯಮ ಬದಲಿಸಿತು. ಸಾಮಾನ್ಯರಿಗೆ 1,500, ಹುಟ್ಟಿನಿಂದ ಎಣಿಕೆ ಕಡಿಮೆ ಇರುವವರಿಗೆ 1,000. ಆದರೆ ಈ ರಿಯಾಯಿತಿ ಸಿಗಬೇಕಾದರೆ ಯಾರಾದರೂ ವೈದ್ಯರು ಅದು ಹುಟ್ಟುಗುಣ ಎಂದು ಗುರುತಿಸಿ, ಈ ಮದ್ದಿಗೆಂದೇ ಇದ್ದ ಕಡ್ಡಾಯ ನೋಂದಣಿ ವ್ಯವಸ್ಥೆಯ ಅರ್ಜಿಯಲ್ಲಿ ದಾಖಲಿಸಬೇಕಿತ್ತು. ಗುರುತಿಸಲು ಹಳೆಯ ಎರಡು ಮೂರು ರಕ್ತಪರೀಕ್ಷೆಯ ವರದಿ ಬೇಕು. ಖಾಯಂ ವೈದ್ಯರೇ ಇಲ್ಲದ ಬಡ ರೋಗಿ ಹಳೆಯ ವರದಿ ಎಲ್ಲಿಂದ ತರಬೇಕು? 2025ರ ಜೂನ್‌ನಲ್ಲಿ ಆ ಕಡ್ಡಾಯ ನೋಂದಣಿ ವ್ಯವಸ್ಥೆಯನ್ನೇ ತೆಗೆದುಹಾಕಿದರು. ರಕ್ತಪರೀಕ್ಷೆ ಈಗಲೂ ಮಾಡಿಸಬೇಕು, ಆದರೆ ವರದಿ ವ್ಯವಸ್ಥೆಗೆ ಸೇರಲಿಲ್ಲ ಎಂದು ಔಷಧಿ ಅಂಗಡಿಯವರು ಮಾತ್ರೆ ತಡೆಹಿಡಿಯುವಂತಿಲ್ಲ. ನಿಮ್ಮವರು ಯಾರಾದರೂ ಕ್ಲೋಜಪಿನ್ ಹಾದಿಯಲ್ಲಿದ್ದರೆ, ಮದ್ದು ಶುರುವಾಗುವ ಮುಂಚಿನ ಎಣಿಕೆಯ ವರದಿಗಳನ್ನು ಒಂದು ಫೈಲಿನಲ್ಲಿ ಜೋಪಾನವಾಗಿಡಿ. ಹೋಲಿಸಿ ನೋಡಲು ಅದೇ ಆಧಾರ.

ನಮ್ಮವರಿಗೆ ನೇರ ತಾಗುವುದು ಕಾರ್ಬಮಜಪಿನ್. ಬೈಪೋಲಾರ್ ಕಾಯಿಲೆಗೂ ಮೂರ್ಛೆಗೂ ಕೊಡುವ ಮದ್ದು. ‘ಎಚ್‌ಎಲ್‌ಎ-ಬಿ 1502’ ಎಂಬ ಜೀನ್ ಇರುವವರಿಗೆ ಇದರಿಂದ ಚರ್ಮ ಸುಟ್ಟಂತೆ ಸುಲಿದುಬರುವ ಮಾರಕ ಪ್ರತಿಕ್ರಿಯೆ ಆಗಬಹುದು. ಭಾರತೀಯರೂ ಸೇರಿ ದಕ್ಷಿಣ ಏಷ್ಯಾದವರಲ್ಲಿ ಇದು ಸರಾಸರಿ ಶೇ. 2ರಿಂದ 4 ಎಂದು ಅಮೆರಿಕದ ಔಷಧ ಲೇಬಲ್ಲೇ ಹೇಳುತ್ತದೆ. 2007ರಿಂದ ಎಚ್ಚರಿಕೆ ಅಲ್ಲಿದೆ. ಮಾತ್ರೆ ಬರೆದ ವೈದ್ಯರನ್ನು ‘ಆ ಜೀನ್ ಪರೀಕ್ಷೆ ಮಾಡಿಸಬೇಕೇ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಎರಡೂ ಮದ್ದುಗಳಲ್ಲಿ ನೋಡಬೇಕಾದದ್ದು ಒಂದು ಜೀನ್ ಇದೆಯೋ ಇಲ್ಲವೋ ಎಂಬುದನ್ನು. ಮೈಬಣ್ಣ ನೋಡಿ ಊಹೆ ಮಾಡುವವರು ಎರಡು ಕಡೆಯಿಂದಲೂ ತಪ್ಪುತ್ತಾರೆ.

ಇನ್ನು ಭಾಷೆ. ನ್ಯೂಯಾರ್ಕ್‌ನಲ್ಲಿ ಲೂಯಿಸ್ ಮಾರ್ಕೋಸ್ ಮತ್ತು ಜೊತೆಗಾರರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಪ್ಯಾನಿಷ್ ಮಾತೃಭಾಷೆಯ ಸ್ಕಿಜೋಫ್ರೇನಿಯಾ ರೋಗಿಗಳನ್ನು ಎರಡೂ ಭಾಷೆಯಲ್ಲಿ ಸಂದರ್ಶಿಸಿದ್ದರು. ಇಂಗ್ಲಿಷಿನಲ್ಲಿ ಮಾತಾಡಿದಾಗ ಅದೇ ರೋಗಿ ಹೆಚ್ಚು ಕಾಯಿಲೆಯವನಾಗಿ ಕಂಡ. ಪರಭಾಷೆಯಲ್ಲಿ ಪದ ಹುಡುಕುವ ತಡವರಿಕೆ ರೋಗದ ಲಕ್ಷಣವಾಗಿ ಕಂಡಿತು. ನಂತರದ ಬೇರೆ ಅಧ್ಯಯನದಲ್ಲಿ ಇದಕ್ಕೆ ವಿರುದ್ಧವಾದದ್ದೂ ಕಂಡಿದೆ. ಅಂತೂ ಭಾಷೆ ಬದಲಾದರೆ ಕಾಣುವ ಕಾಯಿಲೆಯೂ ಬದಲಾಗುತ್ತದೆ.

ಇದನ್ನು ಕನ್ನಡದಲ್ಲಿ ಹಿಡಿದು ನೋಡಿ. ಮಗಳ ಬಾಣಂತನಕ್ಕೆ ಹೋಗಿ ಅಲ್ಲೇ ಉಳಿದ ತಾಯಿ ಒಬ್ಬರು ‘ಜೀವ ಬೇಜಾರಾಗಿಬಿಟ್ಟಿದೆ’ ಅನ್ನುತ್ತಾರೆ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ಕೂತ ಹನ್ನೆರಡು ವರ್ಷದ ಮೊಮ್ಮಗ ಅದನ್ನು ‘ಬೋರ್ಡ್’ ಎಂದು ಅನುವಾದಿಸುತ್ತಾನೆ. ಅವನಿಗೆ ಗೊತ್ತಿರುವ ಬೇಜಾರು ಅಷ್ಟೇ. ಬೇಜಾರು ಅಂದರೆ ಹೊತ್ತು ಹೋಗದಿರುವುದು, ಮನಸ್ಸಿಗೆ ನೋವಾಗಿರುವುದು, ದುಃಖ, ಎಲ್ಲವೂ. ‘ಜೀವ ಬೇಜಾರು’ ಅಂದಾಗ ಬದುಕೇ ಬೇಡವಾಗಿರುವ ತನಕ ಅದು ಹೋಗಬಲ್ಲದು. ಎದುರಿಗಿನ ನರ್ಸ್ ಕೈಯಲ್ಲಿ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಇರುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 27, 10 ಮುಟ್ಟಿದರೆ ಮುಂದಿನ ಪರೀಕ್ಷೆ. ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ. ಮೊಮ್ಮಗನ ಎದುರು ಅದಕ್ಕೆ ಯಾವ ಅಜ್ಜಿ ಹೌದು ಅನ್ನುತ್ತಾಳೆ? ಸೊನ್ನೆ ಬೀಳುತ್ತದೆ. ‘ಹೊಟ್ಟೇಲಿ ಸಂಕಟ’ ಅಂದದ್ದು ಹೊಟ್ಟೆನೋವಾಗಿ ಸ್ಕ್ಯಾನಿಂಗಿಗೆ ಹೋಗುತ್ತದೆ. ‘ಮೈಮೇಲೆ ದೇವರು ಬರುತ್ತಿತ್ತು’ ಎಂದು ಊರಿನ ಹಳೆಯ ಸಂಗತಿ ಹೇಳಿದರೆ ಭ್ರಮೆಯ ಕಾಲಂ ತುಂಬುತ್ತದೆ.

ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ. 2010ರ ಆರೋಗ್ಯ ಕಾನೂನಿನ 1557ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್, ವಿಮೆ ಸಂಸ್ಥೆ ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ತುರ್ತು ಹೊತ್ತು ಬಿಟ್ಟರೆ ಮಕ್ಕಳನ್ನು ದುಭಾಷಿಯಾಗಿ ಕೂರಿಸುವಂತಿಲ್ಲ. ಸಮಸ್ಯೆ ಇರುವುದು ಹಣದಲ್ಲಿ. ದುಭಾಷಿಯ ಖರ್ಚನ್ನು ಮೆಡಿಕೈಡ್‌ನಿಂದ ಪ್ರತ್ಯೇಕವಾಗಿ ಕೊಡುವುದು ಕೆಲವು ರಾಜ್ಯಗಳು ಮಾತ್ರ. ಉಳಿದ ಕಡೆ ಕ್ಲಿನಿಕ್ ತನ್ನ ಕೈಯಿಂದ ಹಾಕಬೇಕು, ಅದಕ್ಕೆ ‘ಮನೆಯವರು ಯಾರಾದರೂ ಇದ್ದಾರಾ?’ ಎಂಬ ಪ್ರಶ್ನೆ ಬರುತ್ತದೆ. ಸರ್ಕಾರದ ಹಣ ಮುಟ್ಟದ, ನಗದಿಗೆ ಮಾತ್ರ ನೋಡುವ ಖಾಸಗಿ ಥೆರಪಿಸ್ಟ್‌ಗೆ ಈ ಸೆಕ್ಷನ್ ತಾಗುವುದೇ ಇಲ್ಲ.

ಏನು ಮಾಡಿದರೆ ಜನ ಉಳಿಯುತ್ತಾರೆ ಎಂಬುದು ಗೊತ್ತಿಲ್ಲದ ಸಂಗತಿಯೇನಲ್ಲ. ಸಿಯಾಟಲ್‌ನಲ್ಲಿ 1973ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1974ರಲ್ಲಿ ಏಷ್ಯನ್ ಸಮುದಾಯದವರೇ ತಮ್ಮ ಭಾಷೆಗಳಲ್ಲಿ ಮಾತಾಡುವ ಕೇಂದ್ರ ತೆರೆದರು. ಸಾಮಾನ್ಯ ಕೇಂದ್ರಗಳೂ ಆ ಸಮುದಾಯಗಳ ಸಿಬ್ಬಂದಿಯನ್ನು ಸೇರಿಸಿಕೊಂಡವು. ಸೂ ಅವರ ಅಧ್ಯಯನದ ಹತ್ತು ವರ್ಷದ ನಂತರ ಅದೇ ಸಿಯಾಟಲ್‌ನ ಕಡತ ಮತ್ತೆ ನೋಡಿದಾಗ ಮೊದಲ ಭೇಟಿಗೇ ಬಿಟ್ಟುಹೋಗುವ ಆ ಅಂತರ ಬಹಳಮಟ್ಟಿಗೆ ಮಾಯವಾಗಿತ್ತು. ಜನರ ‘ಸಂಸ್ಕೃತಿ’ ಹತ್ತು ವರ್ಷದಲ್ಲಿ ಬದಲಾಗಿರಲಿಲ್ಲ. ಕೇಂದ್ರಗಳು ಬದಲಾಗಿದ್ದವು.

ಇನ್ನೊಂದು ದಾರಿ ಮನೆವೈದ್ಯರ ಕ್ಲಿನಿಕ್ಕಿನಲ್ಲೇ ಚಿಕಿತ್ಸೆ, ಸಹಯೋಗಿ ಚಿಕಿತ್ಸೆ (ಕೊಲಾಬರೇಟಿವ್ ಕೇರ್) ಎಂದು ಇದಕ್ಕೆ ಹೆಸರು. ಐದು ರಾಜ್ಯಗಳ 18 ಕ್ಲಿನಿಕ್‌ಗಳಲ್ಲಿ 60 ದಾಟಿದ 1,801 ಖಿನ್ನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಬಂತು. ಒಬ್ಬ ನರ್ಸ್ ಅಥವಾ ಮನಶ್ಶಾಸ್ತ್ರಜ್ಞೆ ರೋಗಿಗೆ ತಾನೇ ಫೋನ್ ಮಾಡಿ ವಿಚಾರಿಸುತ್ತಾಳೆ, ಅಂಕ ಬರೆದಿಡುತ್ತಾಳೆ, ವಾರಕ್ಕೊಮ್ಮೆ ಮನೋವೈದ್ಯರ ಜೊತೆ ಪಟ್ಟಿ ನೋಡುತ್ತಾಳೆ, ಸುಧಾರಿಸದವರ ಮದ್ದು ಬದಲಾಗುತ್ತದೆ. ಒಂದು ವರ್ಷಕ್ಕೆ ಲಕ್ಷಣ ಅರ್ಧಕ್ಕಿಳಿದವರು ಶೇ. 45, ಮಾಮೂಲಿ ಚಿಕಿತ್ಸೆಯಲ್ಲಿ ಶೇ. 19. ಕಪ್ಪುವರ್ಣೀಯ ಮತ್ತು ಲ್ಯಾಟಿನ್ ಅಮೆರಿಕ ಮೂಲದ ಹಿರಿಯರಿಗೂ ಅಷ್ಟೇ ಪ್ರಯೋಜನವಾಯಿತು. ಯಾಕೆಂದರೆ ಇಲ್ಲಿ ರೋಗಿ ಮತ್ತೆ ಬರುತ್ತಾನೋ ಇಲ್ಲವೋ ಎಂದು ಕಾಯುವುದಿಲ್ಲ, ಹುಡುಕಿಕೊಂಡು ಹೋಗುತ್ತಾರೆ.

ಅಮೆರಿಕದಲ್ಲಿರುವ ಕನ್ನಡದವರು ಇದನ್ನು ಓದುತ್ತಿದ್ದರೆ ಕೆಲವು ಮಾತು. ಮನೆವೈದ್ಯರ ಹತ್ತಿರವೇ ಶುರುಮಾಡಿ, ಅಲ್ಲಿ ಸಹಯೋಗಿ ಚಿಕಿತ್ಸೆ ಇದೆಯೇ ಎಂದು ಕೇಳಿ. ವಿಮೆಯ ಪಟ್ಟಿಯಿಂದ ಮಾಡಿದ ಪ್ರತಿ ಕರೆಗೆ ದಿನಾಂಕ, ಹೆಸರು, ಸಿಕ್ಕ ಉತ್ತರ ಬರೆದಿಡಿ. ಹತ್ತು ಕರೆಯ ಆ ಚೀಟಿ ಹಿಡಿದು ವಿಮೆ ಕಂಪನಿಗೆ ‘ನಿಮ್ಮ ನೆಟ್‌ವರ್ಕಿನಲ್ಲಿ ಯಾರೂ ಇಲ್ಲ, ಹೊರಗಿನವರಿಗೆ ಒಳಗಿನ ದರದಲ್ಲೇ ಒಪ್ಪಿಗೆ ಕೊಡಿ’ ಎಂದು ಲಿಖಿತವಾಗಿ ಕೇಳಬಹುದು. ದೊಡ್ಡ ಕಂಪನಿಗಳ ವಿಮೆ ಸಾಮಾನ್ಯವಾಗಿ ಕಂಪನಿಯೇ ದುಡ್ಡು ಹಾಕಿ ನಡೆಸುವುದು. ಅದರ ಮೇಲಿನ ದೂರು ಕೇಂದ್ರದ ಕಾರ್ಮಿಕ ಇಲಾಖೆಗೆ ಹೋಗಬೇಕು, ರಾಜ್ಯದ ವಿಮೆ ಇಲಾಖೆಗೆ ಕೊಟ್ಟರೆ ಕಾಗದ ವಾಪಸ್ ಬರುತ್ತದೆ. ಥೆರಪಿಸ್ಟ್‌ಗೆ ರೋಗಿ ಕೂತಿರುವ ರಾಜ್ಯದ ಪರವಾನಗಿ ಬೇಕು, ಹಾಗಾಗಿ ಬೆಂಗಳೂರಿನ ಆಪ್ತಸಮಾಲೋಚಕರನ್ನು ವಿಡಿಯೋದಲ್ಲಿ ನೋಡುವುದು ಅಂದುಕೊಂಡಷ್ಟು ಸರಳವಲ್ಲ. ಪ್ರವಾಸಕ್ಕೆ ಬರುವ ಅಪ್ಪ ಅಮ್ಮನಿಗೆ ವಿಮೆ ಕೊಳ್ಳುವಾಗ ಯಾವುದೆಲ್ಲ ಸೇರಿಲ್ಲ ಎಂಬ ಪುಟವನ್ನು ಮೊದಲು ಓದಿ, ಮಾನಸಿಕ ಕಾಯಿಲೆ ಬಹಳ ಸಲ ಅಲ್ಲಿರುತ್ತದೆ. ಗ್ರೀನ್ ಕಾರ್ಡ್ ಸಿಕ್ಕರೂ ಸಾಮಾನ್ಯವಾಗಿ ಮೆಡಿಕೈಡ್‌ಗೆ ಐದು ವರ್ಷ ಕಾಯಬೇಕು. ತುರ್ತಿಗೆ 988ಕ್ಕೆ ಫೋನ್ ಮಾಡಿ. ಅಲ್ಲಿ 240ಕ್ಕೂ ಹೆಚ್ಚು ಭಾಷೆಗಳಿಗೆ ದುಭಾಷಿ ವ್ಯವಸ್ಥೆ ಇದೆ, ಫೋನ್ ಎತ್ತಿದವರಿಗೆ ಮೊದಲು ಭಾಷೆಯ ಹೆಸರು ಹೇಳಿ. ಊರಿಗೆ ಮರಳಿದವರಿಗೆ ಟೆಲಿ-ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ.

ದುಭಾಷಿಯನ್ನು ಭೇಟಿಯ ಸಮಯ ಗೊತ್ತುಮಾಡುವಾಗಲೇ ಕೇಳಬೇಕು. ‘ಕನ್ನಡ’ ಎಂದರೆ ಕೌಂಟರಿನಲ್ಲಿ ‘ಕೆನಡಾ’ ಎಂದು ಬರೆದುಕೊಳ್ಳಬಹುದು, ಇಲ್ಲವೇ ಹಿಂದಿಯವರನ್ನು ಕರೆಸಬಹುದು. ಕೆ-ಎ-ಎನ್-ಎನ್-ಎ-ಡಿ-ಎ ಎಂದು ಒಂದೊಂದೇ ಅಕ್ಷರ ಹೇಳಿ. ಊರು ಚಿಕ್ಕದಾದರೆ ಅದೇ ಕನ್ನಡ ಕೂಟದ ಪರಿಚಯಸ್ಥರೇ ದುಭಾಷಿಯಾಗಿ ಬಂದು ಕೂರಬಹುದು, ಆಗ ಬಾಯಿ ಬಿಡುವುದೇ ಇಲ್ಲ. ಬೇರೆ ರಾಜ್ಯದಿಂದ ಫೋನಿನಲ್ಲಿ ಸಿಗುವವರನ್ನು ಕೇಳಿ. ಪ್ರತಿ ಮಾತೂ ಎರಡು ಸಲ ಆಗುವುದರಿಂದ 50 ನಿಮಿಷದ ಭೇಟಿಯಲ್ಲಿ ಉಳಿಯುವುದು 25, ಎರಡು ಭೇಟಿಯ ಸಮಯವನ್ನು ಒಟ್ಟಿಗೆ ಕೇಳಿದರೆ ಒಳ್ಳೆಯದು. ‘ಬೇಜಾರು’, ‘ಸಂಕಟ’, ‘ಸಾಕಾಗಿದೆ’ ಇಂಥ ಪದಗಳನ್ನು ಅನುವಾದ ಮಾಡದೆ ಹಾಗೇ ಹೇಳಿ ಆಮೇಲೆ ವಿವರಿಸಲು ದುಭಾಷಿಗೆ ತಿಳಿಸಿ. ಹೊರಡುವಾಗ ಕೌಂಟರಿನಲ್ಲಿ ನಿಂತು, ಎರಡನೇ ಭೇಟಿಯ ದಿನಾಂಕ ಮತ್ತು ಈ ಸಲದ ದುಭಾಷಿಯ ಗುರುತಿನ ಸಂಖ್ಯೆ ಎರಡನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಿ.